ಎಂಸಿಬಿ ಬಿದ್ದಿಲ್ಲ ಎಂದರೆ ಓವನ್‌ನ ಕನೆಕ್ಷನ್ ಸರಿಯಿದೆ ಎಂದರ್ಥವೇ?

"ಎಂಸಿಬಿ ಬಿದ್ದಿಲ್ಲ ಅಂದ್ರೆ ವೈರಿಂಗ್‌ನಲ್ಲಿ ಏನೂ ತೊಂದರೆ ಇಲ್ಲ ಬಿಡಿ." ಬೇಕರಿ ನಡೆಸುವವರು, ಪೌಡರ್ ಕೋಟಿಂಗ್ ಘಟಕದವರು, ಕೆಲವೊಮ್ಮೆ ರಿಪೇರಿಗೆ ಬಂದವರೂ ಹೇಳುವ ಮಾತಿದು. ಓವನ್ ಹಿಂದಿನಿಂದ ಸುಟ್ಟ ಪ್ಲಾಸ್ಟಿಕ್ ವಾಸನೆ ಬರುತ್ತಿರುತ್ತದೆ. ಆದರೆ ಬನ್ನು ಎಂದಿನಂತೆಯೇ ಬೇಯುತ್ತದೆ, ಎಂಸಿಬಿಯೂ ಸುಮ್ಮನಿರುತ್ತದೆ. ಹಾಗಾದರೆ ಎಲ್ಲ ಸರಿಯಿದೆಯೇ? ಇಲ್ಲ. ಸಡಿಲವಾದ ಕನೆಕ್ಷನ್ ಸಾಮಾನ್ಯವಾಗಿ ಎಂಸಿಬಿಯ ಕಣ್ಣಿಗೆ ಬೀಳುವುದೇ ಇಲ್ಲ. ಯಾಕೆ ಅಂತ ನೋಡೋಣ.

9 ಕಿಲೋವ್ಯಾಟ್‌ನ ತ್ರೀ ಫೇಸ್ ಬೇಕರಿ ಓವನ್ ಒಂದನ್ನು ತೆಗೆದುಕೊಳ್ಳಿ. ಪ್ರತಿ ಫೇಸ್‌ಗೆ 3 ಕಿಲೋವ್ಯಾಟ್. ಫೇಸ್ ಮತ್ತು ನ್ಯೂಟ್ರಲ್ ನಡುವೆ 240 ವೋಲ್ಟ್ ಇದ್ದರೆ ಹರಿಯುವ ಕರೆಂಟ್ 12.5 ಆಂಪಿಯರ್, ಹೀಟರ್‌ನ ರೆಸಿಸ್ಟೆನ್ಸ್ ಸುಮಾರು 19 ಓಮ್. ಈಗ ಹೀಟರ್‌ಗೆ ವೈರ್ ಸೇರುವ ಕಡೆ ಸ್ಕ್ರೂ ಸಡಿಲವಾಗಿ, ಅಲ್ಲಿ ಬರೀ 0.16 ಓಮ್ ಹೊಸದಾಗಿ ಸೇರಿಕೊಂಡಿತು ಅಂದುಕೊಳ್ಳೋಣ. ಅಲ್ಲಿ ಹುಟ್ಟುವ ಶಾಖ, ಕರೆಂಟ್‌ನ ವರ್ಗವನ್ನು ಈ ರೆಸಿಸ್ಟೆನ್ಸ್‌ನಿಂದ ಗುಣಿಸಿದಷ್ಟು: 12.5 × 12.5 × 0.16, ಅಂದರೆ 25 ವ್ಯಾಟ್. ರೇಡಿಯೋ ರಿಪೇರಿ ಮಾಡುವವರ ಸಣ್ಣ ಸೋಲ್ಡರಿಂಗ್ ಐರನ್ ಕೂಡ 25 ವ್ಯಾಟ್‌ನದ್ದೇ. ಅದರ ತುದಿ 300 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಅಂಥದ್ದೊಂದನ್ನು ಬೆಳಗಿನಿಂದ ರಾತ್ರಿಯವರೆಗೆ ವೈರ್‌ಗೆ ಆನಿಸಿ ಇಟ್ಟರೆ ಹೇಗಿರುತ್ತದೆ, ಯೋಚಿಸಿ.

ಇಷ್ಟಾದರೂ ಕರೆಂಟ್ ಹೆಚ್ಚಾಗಿಲ್ಲ. 19 ಓಮ್ ಇದ್ದದ್ದು 19.16 ಆಯಿತು, ಹಾಗಾಗಿ ಕರೆಂಟ್ ಶೇಕಡಾ 1ಕ್ಕಿಂತ ಕಡಿಮೆ *ಇಳಿದಿದೆ*. ಎಂಸಿಬಿ ಬೀಳುವುದು ಕರೆಂಟ್ ಮಿತಿ ಮೀರಿದಾಗ. ಮಿತಿಯೊಳಗೇ ಇರುವ ಕರೆಂಟ್ ಒಂದು ಸ್ಕ್ರೂ ಕೆಳಗೆ ಏನು ಮಾಡುತ್ತಿದೆ ಎಂದು ಅದಕ್ಕೆ ತಿಳಿಯುವ ದಾರಿಯಿಲ್ಲ. ಆರ್‌ಸಿಸಿಬಿ ಇದ್ದರೆ ಸಾಕಲ್ಲವೇ ಎಂದು ಕೇಳಬಹುದು. ಅದು ನೋಡುವುದು ಅರ್ತ್ ಕಡೆಗೆ ಸೋರುವ ಕರೆಂಟನ್ನು ಮಾತ್ರ. ವೈರ್‌ನ ಹೊದಿಕೆ ಕರಗಿ ತಾಮ್ರ ಬಾಡಿಗೆ ತಾಗಿದ ಮೇಲೆ ಅದು ಬೀಳುತ್ತದೆ, ಅದಕ್ಕೆ ಮೊದಲಲ್ಲ.

ಒಂದು ಅಪವಾದ ಇದೆ. ಸಡಿಲವಾಗಿರುವುದು ಎಂಸಿಬಿಯದ್ದೇ ಸ್ಕ್ರೂ ಆಗಿದ್ದರೆ, ಆ ಬಿಸಿ ಒಳಗಿನ ಲೋಹದ ಪಟ್ಟಿಗೆ ಹರಿದು ಎಂಸಿಬಿ ಕಾರಣವಿಲ್ಲದಂತೆ ಮತ್ತೆ ಮತ್ತೆ ಬೀಳುತ್ತದೆ. ಆಗ "ಎಂಸಿಬಿ ವೀಕ್ ಆಗಿದೆ" ಎಂದು 16 ಆಂಪಿಯರ್‌ನದ್ದನ್ನು ತೆಗೆದು 32 ಆಂಪಿಯರ್‌ನದ್ದು ಹಾಕಿಬಿಡುತ್ತಾರೆ. ಇದ್ದ ಒಂದೇ ಎಚ್ಚರಿಕೆಯೂ ಹೋಯಿತು, ವೈರ್‌ಗಿದ್ದ ರಕ್ಷಣೆಯೂ ಹೋಯಿತು. ಇದಕ್ಕಿಂತ ಕೆಟ್ಟ ರಿಪೇರಿ ನಮಗೆ ತೋಚುತ್ತಿಲ್ಲ.

ಓವನ್‌ನಲ್ಲೇ ಯಾಕೆ ಹೆಚ್ಚು?

ಓವನ್ ದಿನವೂ ಕಾಯುತ್ತದೆ, ದಿನವೂ ತಣಿಯುತ್ತದೆ. ಕಾದಾಗ ಲೋಹ ಹಿಗ್ಗುತ್ತದೆ, ತಣಿದಾಗ ಕುಗ್ಗುತ್ತದೆ. ತಾಮ್ರದ ವೈರ್ ಮತ್ತು ಸ್ಟೀಲ್ ಸ್ಕ್ರೂ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲವಾದ್ದರಿಂದ ಹಿಡಿತ ಸ್ವಲ್ಪ ಸ್ವಲ್ಪವೇ ಸಡಿಲವಾಗುತ್ತಾ ಹೋಗುತ್ತದೆ. ಬಿಸಿಗೆ ತಾಮ್ರದ ಮೇಲೆ ಕಪ್ಪು ಆಕ್ಸೈಡ್ ಪದರ ಕಟ್ಟುತ್ತದೆ. ಅದು ರೆಸಿಸ್ಟೆನ್ಸ್ ಹೆಚ್ಚಿಸುತ್ತದೆ, ಇನ್ನಷ್ಟು ಬಿಸಿ, ಇನ್ನಷ್ಟು ಆಕ್ಸೈಡ್. ಜೊತೆಗೆ ಮನೆ ವೈರಿಂಗ್‌ನ ಸಾಮಾನ್ಯ ಪಿವಿಸಿ ವೈರ್ ತಡೆಯುವುದು 70 ಡಿಗ್ರಿಯವರೆಗೆ. ಪೌಡರ್ ಕೋಟಿಂಗ್ ಓವನ್ ಒಳಗೆ 180ರಿಂದ 200 ಡಿಗ್ರಿ ಇರುತ್ತದೆ, ಬೇಕರಿಯದ್ದು ಅದನ್ನೂ ಮೀರಬಹುದು.

ಪರೀಕ್ಷೆ ಹೇಗೆ?

ಮೊದಲು ಮೇನ್ ಆಫ್. ಥರ್ಮೋಸ್ಟಾಟ್ ಸೊನ್ನೆಗೆ ತಿರುಗಿಸಿದರೆ ಸಾಲದು, ಟರ್ಮಿನಲ್‌ವರೆಗೆ ಕರೆಂಟ್ ಬಂದು ನಿಂತಿರಬಹುದು. ಐಸೊಲೇಟರ್‌ಗೆ ಬೀಗ ಹಾಕಿ, ಕೀ ಕೆಲಸ ಮಾಡುವವರ ಜೇಬಿನಲ್ಲಿರಲಿ. ಬೆಳಗಿನ ಜಾವ ಬಂದ ಹುಡುಗ ಅಭ್ಯಾಸಬಲದಿಂದ ಸ್ವಿಚ್ ಹಾಕಿಬಿಡುವ ಸಾಧ್ಯತೆ ಇದ್ದೇ ಇದೆ. ಟೆಸ್ಟರ್ ಸ್ಕ್ರೂಡ್ರೈವರ್ ಉರಿಯಲಿಲ್ಲ ಎಂದು ನಂಬಬೇಡಿ. ಒಣ ಮರದ ಮಣೆ ಮೇಲೆ ನಿಂತಿದ್ದರೆ ಅದು ಮಂಕಾಗಿ ಉರಿಯಬಹುದು, ಹಗಲು ಬೆಳಕಿನಲ್ಲಿ ಅದು ಕಾಣುವುದೂ ಇಲ್ಲ. ಮಲ್ಟಿಮೀಟರನ್ನು ಕರೆಂಟ್ ಇರುವ ಕಡೆ ಹಿಡಿದು ಅದು ಕೆಲಸ ಮಾಡುತ್ತಿದೆ ಎಂದು ಖಚಿತ ಮಾಡಿಕೊಂಡೇ ಓವನ್‌ನ ಟರ್ಮಿನಲ್ ನೋಡಬೇಕು.

ಮುಚ್ಚಳ ತೆಗೆದರೆ ಅರ್ಧ ಉತ್ತರ ಕಣ್ಣಿಗೇ ಕಾಣುತ್ತದೆ: ಕಂದು ತಿರುಗಿದ ಹೊದಿಕೆ, ನೀಲಿ ಛಾಯೆ ಬಂದ ಸ್ಕ್ರೂ, ಬಿರುಕುಬಿಟ್ಟ ಪಿಂಗಾಣಿ ಕನೆಕ್ಟರ್, ಬಾಗಿಸಿದರೆ ಮುರಿಯುವಷ್ಟು ಗಡುಸಾದ ವೈರ್. ಸಾಮಾನ್ಯ ಮಲ್ಟಿಮೀಟರ್‌ನ ಓಮ್ ಅಳತೆಯಲ್ಲಿ ಮಾತ್ರ ಈ ದೋಷ ಸಿಗುವುದು ಕಷ್ಟ, ಯಾಕೆಂದರೆ ಅದರ ಎರಡು ವೈರ್‌ಗಳದ್ದೇ 0.2 ಓಮ್ ಆಸುಪಾಸು ಇರುತ್ತದೆ. ಓವನ್ ಉರಿಯುವಾಗ ಎಲೆಕ್ಟ್ರಿಷಿಯನ್ ಥರ್ಮಲ್ ಕ್ಯಾಮೆರಾದಲ್ಲಿ ನೋಡಿದರೆ ಪಕ್ಕಪಕ್ಕದ ಮೂರು ಫೇಸ್‌ಗಳಲ್ಲಿ ಒಂದು ಮಾತ್ರ ಹೆಚ್ಚು ಬಿಸಿಯಿರುವುದು ಕಾಣುತ್ತದೆ. ಮೊಬೈಲ್ ಕ್ಯಾಮೆರಾವನ್ನೇ ಥರ್ಮಲ್ ಕ್ಯಾಮೆರಾ ಮಾಡುತ್ತೇವೆ ಎನ್ನುವ ಆಪ್‌ಗಳಿವೆ. ಬೇರೆ ಸೆನ್ಸರ್ ಇಲ್ಲದ ಫೋನ್‌ನಲ್ಲಿ ಅವು ಫೋಟೋಗೆ ಬಣ್ಣ ಬಳಿಯುತ್ತವೆ, ಅಷ್ಟೇ. ಬಿಸಿಯನ್ನು ಅಳೆಯುವುದಿಲ್ಲ.

ಸ್ಕ್ರೂ ಬಿಗಿ ಮಾಡಿದರೆ ಸಾಕೇ?

ಸುಟ್ಟ ಕನೆಕ್ಷನ್‌ಗೆ ಸಾಲದು. ಬಿಗಿ ಮಾಡಿದರೂ ಆಕ್ಸೈಡ್ ಪದರ ಹಾಗೇ ಉಳಿದಿರುತ್ತದೆ. ತಾಮ್ರ ಹೊಳೆಯುವ ಜಾಗದವರೆಗೆ ವೈರ್ ಕತ್ತರಿಸಿ, ಹೊಸ ಲಗ್ ಅನ್ನು ಕ್ರಿಂಪಿಂಗ್ ಟೂಲ್‌ನಿಂದಲೇ ಒತ್ತಬೇಕು. ಕಟಿಂಗ್ ಪ್ಲೇಯರ್‌ನಿಂದ ಚಪ್ಪಟೆ ಮಾಡಿದ್ದು ಕೆಲವೇ ದಿನಕ್ಕೆ ಮತ್ತೆ ಸಡಿಲವಾಗುತ್ತದೆ. ವೈರ್ ತುದಿಗೆ ಬೆಸುಗೆ ಹಾಕುವುದು ಭದ್ರ ಎಂದು ಹಲವರು ನಂಬಿದ್ದಾರೆ. ಸಾಮಾನ್ಯ ಸೀಸ-ತವರದ ಬೆಸುಗೆ 183 ಡಿಗ್ರಿಗೇ ಕರಗಲು ಶುರುವಾಗುತ್ತದೆ, ಅದಕ್ಕೂ ಮೊದಲೇ ಸ್ಕ್ರೂ ಒತ್ತಡಕ್ಕೆ ಜರುಗುತ್ತದೆ. ಇನ್ಸುಲೇಷನ್ ಟೇಪ್ ಸುತ್ತುವುದು ಇನ್ನೂ ಕೆಟ್ಟದ್ದು. ಅದು ಕರಗುತ್ತದೆ, ಕರಗುವವರೆಗೂ ದೋಷವನ್ನು ಮರೆಮಾಡುತ್ತದೆ. ಹೀಟರ್ ಹತ್ತಿರ ಬೇಕಾದದ್ದು 180 ಡಿಗ್ರಿ ತಡೆಯುವ ಸಿಲಿಕೋನ್ ವೈರ್, ಇನ್ನೂ ಬಿಸಿಯಿದ್ದರೆ ಫೈಬರ್‌ಗ್ಲಾಸ್ ಹೊದಿಕೆಯದ್ದು, ಜೊತೆಗೆ ಹೊಸ ಪಿಂಗಾಣಿ ಕನೆಕ್ಟರ್.

ನ್ಯೂಟ್ರಲ್ ಮತ್ತು ಅರ್ತ್ ಸ್ಕ್ರೂಗಳನ್ನು ಬಿಡಬೇಡಿ. ತ್ರೀ ಫೇಸ್‌ನಲ್ಲಿ ನ್ಯೂಟ್ರಲ್ ಕಡಿದುಹೋದರೆ, 240 ವೋಲ್ಟ್‌ನ ಲೈಟ್ ಅಥವಾ ಕಂಟ್ರೋಲರ್‌ಗೆ 400 ವೋಲ್ಟ್ ಹತ್ತಿರ ಬರುವ ಸಾಧ್ಯತೆ ಇದೆ.

ಈ ಕೆಲಸ ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ನದ್ದು. ಮಾಲೀಕರು ಮಾಡಬೇಕಾದದ್ದು ವಾಸನೆ ಬಂದ ದಿನವೇ ಓವನ್ ನಿಲ್ಲಿಸಿ ಅವರನ್ನು ಕರೆಸುವುದು. ಎಷ್ಟೋ ಬೇಕರಿಗಳಲ್ಲಿ ಕೆಲಸದವರು ರಾತ್ರಿ ಮಲಗುವುದೂ ಅದೇ ಕಟ್ಟಡದಲ್ಲಿ. ರಿಪೇರಿಯಾದ ಮೇಲೆ ಓವನ್ ಒಂದು ವಾರ ಕಾದು ತಣಿಯಲಿ, ನಂತರ ಮತ್ತೆ ಮೇನ್ ಆಫ್ ಮಾಡಿಸಿ, ಹೊಸ ಕನೆಕ್ಷನ್‌ಗಳ ಬಿಗಿಯನ್ನು ಇನ್ನೊಮ್ಮೆ ನೋಡಿಸಿ.