ಒಕ್ಕೂಟದ ಮಾತು, ಪಹಣಿಯ ಲೆಕ್ಕ

ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಿನ ಐದು ಹಳ್ಳಿಗಳಲ್ಲಿ ಸುಮಾರು 13,000 ಎಕರೆ ಹೊಲದ ಮೇಲೆ ಸೋಲಾರ್ ಫಲಕಗಳು ಹಬ್ಬಿವೆ. ಹೊರಗಿನವರು ಬಂದು ಅದರ 2,050 ಮೆಗಾವಾಟನ್ನು ಕೊಂಡಾಡುತ್ತಾರೆ. ಊರಿನವರ ಮಾತು ಬೇರೆ: ಭೂಮಿ ಮಾರಿಲ್ಲ, ಗುತ್ತಿಗೆಗೆ ಕೊಟ್ಟಿದ್ದೇವೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರುತ್ತದೆ, ಪಹಣಿ ಮಾತ್ರ ರೈತನ ಹೆಸರಲ್ಲೇ ಇದೆ. (ಭೂಮಿಯೇ ಇಲ್ಲದ ಕೂಲಿಯವರಿಗೆ ಇದರಲ್ಲಿ ಪಾಲಿಲ್ಲ, ಆ ಮಾತಿಗೆ ಮತ್ತೆ ಬರುತ್ತೇನೆ.) ಅದೇ ರೈತನ ಮಗ ಫಲಕಗಳ ನಡುವೆ ನಿಂತು ರೀಲ್ ಮಾಡಿ ಹಾಕಿದರೆ ಅದಕ್ಕೆ ಪಹಣಿಯೂ ಇಲ್ಲ, ಗುತ್ತಿಗೆಯೂ ಇಲ್ಲ.

ಹಾಕಿದವರ ಹೆಸರಲ್ಲೇ ಪಹಣಿ ಉಳಿಸುವುದು ವಿಕೇಂದ್ರೀಕೃತ ಸಾಮಾಜಿಕ ಜಾಲತಾಣದ ಆಸೆ. ಆ ಹೆಸರೆತ್ತಿದರೆ ಸಾಕು, ಈಚಿನ ಸ್ಟಾರ್ಟ್‌ಅಪ್ ಸಭೆಗಳಲ್ಲಿ ಬ್ಲಾಕ್‌ಚೈನು, ಟೋಕನ್ನು ಎಂದು ಶುರು ಹಚ್ಚಿಕೊಳ್ಳುತ್ತಾರೆ. ಇಲ್ಲವೇ 2022ರ ಅಕ್ಟೋಬರಿನಲ್ಲಿ ಇಲಾನ್ ಮಸ್ಕ್ ಟ್ವಿಟರ್ ಕೊಂಡ ದಿನದಿಂದ ಚರಿತ್ರೆ ಎಣಿಸುತ್ತಾರೆ. ಆದರೆ ಅಂಥ ತಾಣಗಳಲ್ಲಿ 2008ರಲ್ಲೇ ಐಡೆಂಟಿಕಾ ಇತ್ತು, 2010ರಲ್ಲಿ ಡಯಾಸ್ಪೊರ ಬಂತು, 2016ರಲ್ಲಿ ಜರ್ಮನಿಯ ಯುಜೆನ್ ರೋಚ್ಕೊ ಮ್ಯಾಸ್ಟೊಡಾನ್ ಬರೆದರು, 2018ರ ಜನವರಿಯಲ್ಲಿ ಆಕ್ಟಿವಿಟಿಪಬ್ ಎಂಬ ಪ್ರೋಟೊಕಾಲಿಗೆ ಡಬ್ಲ್ಯು3ಸಿ ಮುದ್ರೆ ಬಿತ್ತು. ಬೇರೆ ಬೇರೆಯವರ ಸರ್ವರುಗಳು ಒಂದೇ ಪ್ರೋಟೊಕಾಲಿನಲ್ಲಿ ಕೂಡಿ ಮಾತಾಡುವ ಈ ಫೆಡರೇಷನ್ನಿನ ತಿರುಳು ತಿಳಿಯಲು ನಮಗೆ ಬೆಂಗಳೂರಿನ ಸಭೆ ಬೇಕಿಲ್ಲ, ಬೆಳಗಿನ ಹಾಲಿನ ಡೇರಿ ಸಾಕು. ಊರಿಗೊಂದು ಸಂಘ, ಸಂಘಕ್ಕೆ ಅದರದೇ ಸದಸ್ಯರು, ಅದರದೇ ಕಾರ್ಯದರ್ಶಿ. ಫ್ಯಾಟ್ ಅಳೆಯುವ ರೀತಿ ಮಾತ್ರ ಎಲ್ಲೆಡೆ ಒಂದೇ. ಫೆಡರೇಷನ್ನಿಗೆ ಕನ್ನಡ ಪದ ಹುಡುಕಿ ಸುಸ್ತಾದ ತಂತ್ರಜ್ಞರನ್ನು ಕಂಡಿದ್ದೇನೆ. ಹಾಲು ಹಾಕುವವರು 'ಒಕ್ಕೂಟ' ಎಂದು ಎಂದೋ ಕರೆದಾಗಿದೆ.

ನಮ್ಮ ತಲೆಮಾರಿನವರು ಇದನ್ನು ಹೆಸರಿಲ್ಲದೆಯೇ ಬಾಳಿದವರು. 2005ರಲ್ಲಿ ಹರಿಪ್ರಸಾದ್ ನಾಡಿಗ್ ಅವರ ಸಂಪದ ತಾಣ ಬಂತು, ಬೆನ್ನಿಗೇ ನೂರಾರು ಕನ್ನಡ ಬ್ಲಾಗುಗಳು. ಒಬ್ಬೊಬ್ಬರದು ಒಂದೊಂದು ವಿಳಾಸ. ಎಲ್ಲವನ್ನೂ ಒಂದೆಡೆ ತಂದು ಓದಿಸುತ್ತಿದ್ದುದು ಆರೆಸ್ಸೆಸ್ ಫೀಡ್ ಎಂಬ ತೆಳು ದಾರ. ಆ ಫೀಡುಗಳನ್ನು ಓದಿಸುತ್ತಿದ್ದ ಗೂಗಲ್ ರೀಡರ್ 2013ರಲ್ಲಿ ಮುಚ್ಚಿತು. ಆದರೆ ಅದಕ್ಕೂ ಮೊದಲೇ ನಾವು ಫೇಸ್‌ಬುಕ್ಕಿಗೆ ಗುಳೆ ಎದ್ದಿದ್ದೆವು. ಯಾರೂ ಎಳೆದೊಯ್ಯಲಿಲ್ಲ. ಲೈಕು ಬೇಕಿತ್ತು, ಹೋದೆವು.

ಆ ಗುಳೆಯಲ್ಲಿ ಸೇರದೆ ಉಳಿದವರ ಕತೆಯನ್ನು ತುಮಕೂರು ಜಿಲ್ಲೆಯವರೇ ಮರೆತಿದ್ದಾರೆ. ಜನಸ್ತು ಸಂಸ್ಥೆಯ ಟಿ.ಬಿ. ದಿನೇಶ್ ಮತ್ತು ಗೆಳೆಯರು ದೇವರಾಯನದುರ್ಗದ ಆಸುಪಾಸಿನ ಹಳ್ಳಿಗಳಲ್ಲಿ ಸಮುದಾಯದ್ದೇ ಆದ ವೈ-ಫೈ ಮೆಶ್ ಕಟ್ಟಿದರು. ರೂಟರಿನಿಂದ ರೂಟರಿಗೆ ಮಾತು ಕೈ ಬದಲಾಯಿಸುತ್ತ ಸಾಗುವ ಜಾಲವಿದು. ಹೊರಗಿನ ಇಂಟರ್‌ನೆಟ್ ಕಡಿದರೂ ಊರೊಳಗಿನ ಮಾತು ನಿಲ್ಲುವುದಿಲ್ಲ, ಅಂಗೈಯಗಲದ ರಾಸ್ಪ್‌ಬೆರಿ ಪೈ ಇದ್ದರೆ ಸರ್ವರಿಗೆ ಸಾಕು. ಬರೆಯುವುದಕ್ಕಿಂತ ಆಡುವುದಕ್ಕೆ ಅಲ್ಲಿ ಮಣೆ. ಓದುಬರಹ ಬಾರದವರ ದನಿಯನ್ನು ಹಿಡಿದಿಟ್ಟು, ತುಣುಕು ತುಣುಕಿಗೂ ಚಿತ್ರ, ಗುರುತು ಅಂಟಿಸಲು 'ಪಾಪಡ್' ಎಂಬ ಸಾಧನ ಮಾಡಿದರು. ಕೋಲಾರ ಜಿಲ್ಲೆಯ ಬೂದಿಕೋಟೆಯ ಸಮುದಾಯ ರೇಡಿಯೊ 'ನಮ್ಮ ಧ್ವನಿ'ಯನ್ನೂ ಇದೇ ಸಾಲಿನಲ್ಲಿ ಇಡುತ್ತೇನೆ. ಸಮುದಾಯ ರೇಡಿಯೊ ಪರವಾನಗಿ ಸ್ವಯಂಸೇವಾ ಸಂಸ್ಥೆಗಳಿಗೆ ದಕ್ಕಿದ್ದು 2006ರ ಕೊನೆಗೆ. ಅಲ್ಲಿನವರು ಅದಕ್ಕೆ ಕಾಯದೆ ಕೇಬಲ್ ತಂತಿಯಲ್ಲೇ ದನಿ ಹರಿಸಿದ್ದರು. ಮ್ಯಾಸ್ಟೊಡಾನ್, ಬ್ಲೂಸ್ಕೈ ಎರಡೂ ಟ್ವಿಟರಿನ ಅಚ್ಚಿನಲ್ಲೇ ಎರಕವಾದವು. ಈ ಎರಡು ಹಳ್ಳಿಗಾಡಿನ ಪ್ರಯೋಗಗಳು ಹಾಗಲ್ಲ ಎಂಬುದು ನನ್ನ ಪಕ್ಷಪಾತವೆನಿಸಿದರೆ ಇರಲಿ.

ನಡುವೆ ಕೂ ಎಂಬ ಜಾಲತಾಣ ಬಂತು, 2020ರ ಮಾರ್ಚಿನಲ್ಲಿ, ಮೊದಲು ಕನ್ನಡದಲ್ಲೇ. ನಮ್ಮ ಭಾಷೆ ಇದ್ದದ್ದಕ್ಕೆ ಮನೆಯೂ ನಮ್ಮದೇ ಎಂದು ಹಲವರು ನಂಬಿದರು. 2024ರ ಜುಲೈನಲ್ಲಿ ಬೀಗ ಬಿತ್ತು, ಕಟ್ಟಿಕೊಂಡಿದ್ದ ಓದುಗಬಳಗ ಯಾರ ಜೊತೆಗೂ ಬರಲಿಲ್ಲ. ಮ್ಯಾಸ್ಟೊಡಾನಿನಲ್ಲಿ ಸರ್ವರ್ ಬದಲಿಸಿದರೆ ಹಿಂಬಾಲಕರನ್ನು ಕರೆದೊಯ್ಯಬಹುದು. ಹಳೆಯ ಬರಹಗಳು ಮಾತ್ರ ಅಲ್ಲೇ ಉಳಿಯುತ್ತವೆ, ಅದನ್ನು ಅದರ ಭಕ್ತರು ಮೆಲ್ಲಗೆ ಹೇಳುತ್ತಾರೆ.

ಇಂಥ ತಾಣಗಳಲ್ಲಿ ದುಡ್ಡು ಎಲ್ಲಿ ಎಂದು ಹುಡುಗರು ಕೇಳುತ್ತಾರೆ, ಕೇಳಬೇಕಾದ್ದೇ. 2022ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಶುರುವಾದ ನಮ್ಮ ಯಾತ್ರಿ ಆಟೊ ಕರೆಯುವ ಆ್ಯಪ್, ಸಾಮಾಜಿಕ ಜಾಲತಾಣವಲ್ಲ. ಆದರೂ ಬೆಕ್ನ್ ಎಂಬ ಮುಕ್ತ ಪ್ರೋಟೊಕಾಲಿನ ಮೇಲೆ ನಿಂತು, ಆಟೊದವರಿಂದ ಕಮಿಷನ್ ಹಿಡಿಯದೆ ದಿನಕ್ಕೆ 25 ರೂಪಾಯಿ ಚಂದಾದಲ್ಲಿ ನಡೆಯಬಹುದೆಂದು ತೋರಿಸಿತು. ಜಾಹೀರಾತಲ್ಲ, ಚಂದಾ. 2023ರಲ್ಲಿ ಆಟೊಮ್ಯಾಟಿಕ್ ಕಂಪನಿ ವರ್ಡ್‌ಪ್ರೆಸ್ಸಿನ ಆಕ್ಟಿವಿಟಿಪಬ್ ಪ್ಲಗಿನ್ ಕೊಂಡ ಮೇಲೆ, ವರ್ಡ್‌ಪ್ರೆಸ್ಸಿನಲ್ಲಿರುವ ಯಾವ ಸಣ್ಣ ಕನ್ನಡ ಪತ್ರಿಕೆಯೂ ತನ್ನ ವಿಳಾಸದಿಂದಲೇ ಒಕ್ಕೂಟದ ಓದುಗರನ್ನು ಮುಟ್ಟಬಹುದು. ಅದನ್ನು ಅಳವಡಿಸಿ, ಕೆಟ್ಟಾಗ ಸರಿಪಡಿಸಿ ಕೊಡುವವರು ಬೇಕು. ಬೋರ್‌ವೆಲ್ ಮೋಟರು ಎತ್ತುವವನ ಹಾಗೆ: ಅವನು ಬಾವಿಯ ಒಡೆಯನಲ್ಲ, ಅವನಿಲ್ಲದೆ ನೀರೂ ಇಲ್ಲ.

ಇಂಥ ತಾಣಗಳ ಲೆಕ್ಕಾಚಾರದಲ್ಲಿ ಯಾರೂ ಬರೆಯದ ಕೆಲಸವೊಂದಿದೆ, ದೂರು ಓದುವುದು. 2021ರ ಐಟಿ ನಿಯಮಗಳು ಸಣ್ಣ ತಾಣಕ್ಕೂ ಕುಂದುಕೊರತೆ ಅಧಿಕಾರಿ ಬೇಕೆನ್ನುತ್ತವೆ. ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ಆದೇಶದಂತೆ 180 ದಿನದ ಲಾಗ್ ಇಡಬೇಕು. ಆದರೆ ಬಂದ ದೂರನ್ನು ಅರ್ಥ ಮಾಡಿಕೊಳ್ಳುವುದು ಬೇರೆಯೇ ಕೆಲಸ. ಪಾವಗಡದ್ದು ಮೂರು ಕಡೆ ಆಂಧ್ರ ಸುತ್ತಿದ ನೆಲ. ಮನೆಯಲ್ಲಿ ತೆಲುಗು ಆಡಿ, ಶಾಲೆಯಲ್ಲಿ ಕನ್ನಡ ಕಲಿತವರು ವಾಟ್ಸ್‌ಆ್ಯಪಿನಲ್ಲಿ ತೆಲುಗನ್ನು ಕನ್ನಡ ಲಿಪಿಯಲ್ಲಿ ಬರೆಯುತ್ತಾರೆ. ಅದರಲ್ಲಿ ಯಾವುದು ಸಲಿಗೆ, ಯಾವುದು ಜಾತಿ ಹಿಡಿದು ಬೈದದ್ದು ಎಂದು ಕ್ಯಾಲಿಫೋರ್ನಿಯಾದ ಯಂತ್ರಕ್ಕೆ ತಿಳಿಯುವುದು ಹೇಗೆ? ತಿರುಮಣಿಯಲ್ಲಿ ಬೆಳೆದ ಹುಡುಗಿಗೆ ಎರಡು ಸಾಲು ಓದಿದರೆ ತಿಳಿಯುತ್ತದೆ. ಅವಳಿಗೆ ಭೂಮಿ ಇರಬೇಕಾದ್ದೇನಿಲ್ಲ, ಗುತ್ತಿಗೆಯಲ್ಲಿ ಪಾಲಿಲ್ಲದ ಆ ಕೂಲಿಯವರ ಮಗಳೂ ಆಗಬಹುದು. ಕೆಲವು ನೂರು ಜನರ ಸರ್ವರಿನ ವರ್ಷದ ಬಾಡಿಗೆ ಒಂದು ಎಕರೆಯ ಗುತ್ತಿಗೆ ಹಣದಲ್ಲಿ ತೀರಿಹೋಗುತ್ತದೆ. ರಾತ್ರಿ ಹನ್ನೊಂದಕ್ಕೆ ಬಂದ ದೂರನ್ನು ತೆರೆದು ನೋಡುವ ಆ ಹುಡುಗಿಯ ಸಂಬಳದ ಲೆಕ್ಕವನ್ನು ಇದುವರೆಗೆ ಯಾವ ಬಿಸಿನೆಸ್ ಪ್ಲಾನಿನಲ್ಲೂ ನಾನು ಕಂಡಿಲ್ಲ.