ಡಾಕ್ಟರ್ ಪದವಿಯ ಇತಿಹಾಸವೂ ಸಂಶೋಧಕನ ಹೊಣೆಯೂ

ವಿದ್ವಾಂಸನೊಬ್ಬನ ಹೆಸರಿನ ಹಿಂದೆ ‘ಡಾಕ್ಟರ್’ ಎಂಬ ಬಿರುದನ್ನು ಕಂಡೊಡನೆ ಜನರು ತಲೆಬಾಗುವರು. ಆದರೆ ಈ ಪದವಿಯು ಎಲ್ಲಿಂದ ಬಂದಿತು, ಪಡೆಯುವವನಿಂದ ಏನನ್ನು ಬೇಡುವುದು, ಪಡೆದವನ ಮೇಲೆ ಯಾವ ಹೊಣೆಯನ್ನು ಹೊರಿಸುವುದು ಎಂಬುದನ್ನು ವಿಚಾರಿಸುವವರು ವಿರಳ. ಆದುದರಿಂದ ಸಾಹಿತ್ಯ, ಇತಿಹಾಸ, ತತ್ತ್ವಶಾಸ್ತ್ರ ಮೊದಲಾದ ಮಾನವಿಕ ವಿದ್ಯೆಗಳಲ್ಲಿ ಅದು ನಡೆದು ಬಂದ ದಾರಿಯನ್ನು ಸಂಕ್ಷೇಪವಾಗಿ ನಿರೂಪಿಸುವುದು ಉಚಿತವಾಗಿದೆ.

‘ಡಾಕ್ಟರ್’ ಎಂಬುದು ಲ್ಯಾಟಿನ್ ಶಬ್ದ. ಬೋಧಿಸುವವನು ಎಂಬುದೇ ಅದರ ಮೂಲಾರ್ಥ. ಮಧ್ಯಯುಗದ ಯುರೋಪಿನ ವಿದ್ಯಾಪೀಠಗಳಲ್ಲಿ ಅದು ಪಾಠ ಹೇಳುವ ಅಧಿಕಾರದ ಮುದ್ರೆಯಾಗಿದ್ದಿತು. ಆ ಅಧಿಕಾರವು ಎಲ್ಲರಿಗೂ ತೆರೆದುದಾಗಿರಲಿಲ್ಲ. ವೆನಿಸಿನ ವಿದುಷಿ ಎಲೆನಾ ಕೊರ್ನಾರೊ ಪಿಸ್ಕೋಪಿಯಾ ಎಂಬಾಕೆಗೆ ದೇವತಾಶಾಸ್ತ್ರದಲ್ಲಿ ಪದವಿಯನ್ನು ಕೊಡಲು, ಹೆಣ್ಣೆಂಬ ಕಾರಣದಿಂದ ಬಿಷಪ್ಪನು ಒಪ್ಪಲಿಲ್ಲ. ಕಡೆಗೆ 1678ರಲ್ಲಿ ಪಾದುವಾ ನಗರದಲ್ಲಿ ಆಕೆ ತತ್ತ್ವಶಾಸ್ತ್ರದ ಡಾಕ್ಟರ್ ಪದವಿಯನ್ನು ಪಡೆದಳು.

ಈ ಪದವಿಗೆ ಹೊಸ ಅರ್ಥ ಬಂದುದು ಜರ್ಮನಿಯಲ್ಲಿ. ಹಂಬೋಲ್ಟನ ಯೋಜನೆಯಂತೆ 1810ರಲ್ಲಿ ಬೆರ್ಲಿನ್ ವಿದ್ಯಾಪೀಠವು ತೆರೆಯಿತು. ತಿಳಿದುದನ್ನು ಒಪ್ಪಿಸುವುದಷ್ಟೇ ಸಾಲದು, ತಿಳಿಯದುದನ್ನು ಅರಸಬೇಕೆಂಬ ತತ್ತ್ವವು ಅಲ್ಲಿ ಬೇರೂರಿತು. ಇತಿಹಾಸಕಾರ ರಾಂಕೆಯು ಶಿಷ್ಯರನ್ನು ಸುತ್ತ ಕೂಡಿಸಿಕೊಂಡು ಮೂಲಪತ್ರಗಳನ್ನು ಒರೆಗೆ ಹಚ್ಚುವ ಕ್ರಮವನ್ನು ಕಲಿಸಿದನು. ಅಮೇರಿಕೆಯ ಯೇಲ್ ವಿದ್ಯಾಪೀಠವು 1861ರಲ್ಲಿ ಮೂವರಿಗೆ ಈ ಪದವಿಯನ್ನು ಕೊಟ್ಟಿತು. ಆಕ್ಸ್‌ಫರ್ಡ್ ಅದನ್ನು ಸ್ವೀಕರಿಸಿದುದು 1917ರಲ್ಲಿ.

ಭಾರತದಲ್ಲಿ 1857ರಲ್ಲಿ ಸ್ಥಾಪಿತವಾದ ಕಲಕತ್ತೆ, ಮುಂಬಯಿ, ಮದರಾಸು ವಿದ್ಯಾಪೀಠಗಳು ಮೊದಲಿಗೆ ಪರೀಕ್ಷೆಗಳನ್ನು ನಡೆಸುವ ಸಂಸ್ಥೆಗಳಾಗಿದ್ದುವು. ಆದುದರಿಂದ ಹಳೆಯ ಕನ್ನಡ ಶಾಸನಗಳ ವ್ಯಾಕರಣವನ್ನು ಬರೆದ ಎ. ಎನ್. ನರಸಿಂಹಯ್ಯನವರೂ ವೀರಶೈವವನ್ನು ಕುರಿತು ಬರೆದ ಶಿ. ಚ. ನಂದೀಮಠರೂ ಲಂಡನ್ನಿನಲ್ಲಿ ತಮ್ಮ ಪ್ರಬಂಧಗಳನ್ನು ಒಪ್ಪಿಸಿದರು. ಮೊದಲನೆಯದು 1941ರಲ್ಲಿ ಮೈಸೂರಿನಲ್ಲಿಯೂ ಎರಡನೆಯದು 1942ರಲ್ಲಿ ಧಾರವಾಡದಲ್ಲಿಯೂ ಅಚ್ಚಾದುವು. ಕನ್ನಡ ನೆಲದ ಕಲ್ಲಿನ ಬರಹವನ್ನು ತೂಗಲು ಕಡಲಾಚೆಯ ತಕ್ಕಡಿಯು ಬೇಕಾಗಿದ್ದ ಕಾಲವದು. ಎಂ. ಚಿದಾನಂದಮೂರ್ತಿಯವರ ಶಾಸನಾಧ್ಯಯನವು 1966ರಲ್ಲಿ ಪ್ರಕಟವಾದಾಗ, ಕನ್ನಡದಲ್ಲಿಯೇ ಬರೆದ ಪ್ರಬಂಧವು ಪ್ರೌಢ ಸಂಶೋಧನೆಗೆ ಮಾದರಿಯಾಗಬಲ್ಲುದೆಂಬುದು ಸಿದ್ಧವಾಯಿತು.

ಆದರೆ ಪದವಿಯೇ ಪಾಂಡಿತ್ಯವೆಂದು ಭ್ರಮಿಸಲಾಗದು. ಕಿಟ್ಟೆಲರ ನಿಘಂಟು 1894ರಲ್ಲಿ ಹೊರಬಿದ್ದ ಬಳಿಕ ಅವರಿಗೆ ಟ್ಯೂಬಿಂಗೆನ್ ವಿದ್ಯಾಪೀಠದ ಗೌರವ ಪದವಿಯು ಬಂದಿತು. ವಿಜಾಪುರದ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ತಾಡವೋಲೆಗಳನ್ನು ಅರಸಿ ವಚನಗಳನ್ನು ಬೆಳಕಿಗೆ ತಂದರು. ಕರ್ನಾಟಕ ವಿಶ್ವವಿದ್ಯಾಲಯದ ಗೌರವ ಡಿ. ಲಿಟ್. ಅವರಿಗೆ ಸಂದುದು 1956ರಲ್ಲಿ. ಕೆಲಸವು ಮುಂದೆ, ಬಿರುದು ಹಿಂದೆ ಎಂಬುದಕ್ಕೆ ಇವರೇ ಸಾಕ್ಷಿ.

ಇಂದಿನ ವಿದ್ಯಾರ್ಥಿಯ ಮುಂದಿರುವ ಕಷ್ಟವು ಅಲ್ಪವಲ್ಲ. 2022ರ ಯು. ಜಿ. ಸಿ. ನಿಯಮದಂತೆ ಈ ವ್ಯಾಸಂಗಕ್ಕೆ ಕನಿಷ್ಠ 3 ವರ್ಷ ಬೇಕು. ಸಾಮಾನ್ಯವಾಗಿ 6 ವರ್ಷ ಗರಿಷ್ಠ ಅವಧಿ. ಓರಗೆಯವರು ದುಡಿದು ಮನೆಯನ್ನು ಕಟ್ಟುವ ವಯಸ್ಸಿನಲ್ಲಿ ಇವನು ಓಲೆಗರಿಯ ಒಂದು ಅಕ್ಷರಕ್ಕಾಗಿ ಊರೂರು ಅಲೆಯುವನು. ಕೊನೆಗೆ ಉದ್ಯೋಗವು ದೊರೆತೇ ತೀರುವುದೆಂಬ ಭರವಸೆಯೂ ಇಲ್ಲ. ಬಡವರ ಮಕ್ಕಳು ಈ ದಾರಿಯಿಂದ ಹಿಂಜರಿದರೆ ಅವರನ್ನು ದೂರಬಹುದೆ?

ಇದಕ್ಕಿಂತಲೂ ಕಠಿನವಾದ ಪರೀಕ್ಷೆಯೊಂದುಂಟು. ತಾನು ಪೂಜಿಸುವ ಪುರುಷನ ಕಾಲವನ್ನೋ ತನ್ನವರು ನಂಬಿದ ಕಥೆಯನ್ನೋ ಮೂಲದಾಖಲೆಯು ಅಲ್ಲಗಳೆದರೆ ಸಂಶೋಧಕನು ಏನು ಮಾಡಬೇಕು? ಕಂಡುದನ್ನು ಕಂಡಂತೆ ಬರೆಯಬೇಕು; ಕಾಣದುದನ್ನು ಕಂಡೆನೆನ್ನಬಾರದು. ಪರರ ಪ್ರಬಂಧವನ್ನು ನಕಲು ಮಾಡಿ ಪಡೆದ ಬಿರುದು ಕಳವಿನ ಒಡವೆಗೆ ಸಮಾನ.

ವಿದ್ಯಾರ್ಥಿಗೆ ಅನ್ನ, ವಸತಿ, ಗ್ರಂಥಭಾಂಡಾರಗಳನ್ನು ಒದಗಿಸುವುದು ಸಮಾಜದ ಧರ್ಮ. ಆದರೆ ಅನ್ನವನ್ನಿಕ್ಕಿದ ಕೈ ಅವನ ಲೇಖನಿಯನ್ನು ಹಿಡಿಯಬಾರದು. ಅಪ್ರಿಯವಾದ ಸತ್ಯವನ್ನು ಬರೆದ ಮೇಲೂ ಅವನಿಗೆ ಪಂಕ್ತಿಯಲ್ಲಿ ಎಡೆಯಿರಬೇಕು. ಅಂತಹ ಆಶ್ರಯದಲ್ಲಿ ಮಾತ್ರ ನಿಜವಾದ ವಿದ್ಯೆಯು ಬೆಳೆಯಬಲ್ಲುದು.