ಬರಮಾಡಿಕೊಳ್ಳೋ ಜಾಗ ಬದಲಾದ ಕಥೆ

ಒಬ್ಬರೇ ವಿದೇಶ ಸುತ್ತಿ ಮನೆಗೆ ಬರೋ ಕೊನೇ ದಿನಕ್ಕೂ ಒಂದು ಇತಿಹಾಸ ಇದೆ ಕಣ್ರೀ. ೨೦೦೮ರ ಮೇ ೨೩ರ ರಾತ್ರಿವರೆಗೂ ಬೆಂಗಳೂರಿಗೆ ಬರೋ ವಿಮಾನಗಳು ಇಳೀತಿದ್ದದ್ದು ಊರೊಳಗಿನ ಎಚ್ಎಎಲ್ ನಿಲ್ದಾಣದಲ್ಲಿ. ರಾಜಾಜಿನಗರ, ವಿಜಯನಗರದಿಂದ ಮನೆಮಂದಿ ಹೋಗಿ ಗೇಟಿನ ಹೊರಗೆ ಕತ್ತು ಚಾಚಿ ಕಾಯೋರು.

ಮಾರನೇ ದಿನದಿಂದ ಎಲ್ಲ ದೇವನಹಳ್ಳಿಗೆ! ನಮ್ಮ ಪಶ್ಚಿಮದ ಬಡಾವಣೆಗಳಿಗೆ ಹತ್ತಿರ ಹತ್ತಿರ ೪೦ ಕಿಲೋಮೀಟರ್. ಅಷ್ಟು ದೂರ ಮನೆಯವರೆಲ್ಲ ಹೋಗಿ ಬರೋದು ಕಷ್ಟ. ಹಾಗಾಗಿ ಬಿಎಂಟಿಸಿ ವಾಯುವಜ್ರ ಇಳಿಸೋ ಸ್ಟಾಪೇ ಹೊಸ ಗೇಟಾಯ್ತು. ೨೦೧೩ರಲ್ಲಿ ನಿಲ್ದಾಣಕ್ಕೆ ಕೆಂಪೇಗೌಡರ ಹೆಸರು ಬಂತು. ೨೦೨೩ರ ಸೆಪ್ಟೆಂಬರಿನಲ್ಲಿ ಅಂತರರಾಷ್ಟ್ರೀಯ ವಿಮಾನಗಳು ಎರಡನೇ ಟರ್ಮಿನಲ್‌ಗೆ ಹೋದವು.

ಈಗ ಸೂಟ್‌ಕೇಸ್ ಎಳ್ಕೊಂಡು ಒಬ್ಬರೇ ಹೊರಗೆ ಬರೋರೇ ಜಾಸ್ತಿ. ಕಾಯೋರು ಕಡಿಮೆಯಾಗಿಲ್ಲ, ಕಾಯೋ ಜಾಗ ಮಾತ್ರ ಮನೆ ಹತ್ತಿರಕ್ಕೆ ಸರಿದಿದೆ... ಬಸ್ ಸ್ಟಾಪಿಗೋ, ಬಾಗಿಲಿಗೋ, ತಿಳಿಸಾರು ಕುದಿಯೋ ಒಲೆ ಮುಂದಕ್ಕೋ.